ಒತ್ತಕ್ಷರ ಕಂಡರೆ ಮಾತ್ರ ಕಾಸು ಬಿಚ್ಚಿ

ದಸರಾ, ದೀಪಾವಳಿ ಬಂತೆಂದರೆ ಮಾನಿಟರ್‌ಗಳಿಗೂ ರಿಯಾಯಿತಿಯ ಸುಗ್ಗಿ. ಡಬ್ಬದ ಮೇಲೆ ಇಂಚು, ‘4ಕೆ’, ಹರ್ಟ್ಸ್‌ಗಳ ಅಬ್ಬರ. ಕನ್ನಡ ಓದಿ ಬರೆಯುವವರಿಗೆ ಬೇಕಾದ ಒಂದು ಅಂಕಿ ಮಾತ್ರ ಆ ಡಬ್ಬದ ಮೇಲೆ ಸಾಮಾನ್ಯವಾಗಿ ಇರುವುದೇ ಇಲ್ಲ!

ಬೆಂಗಳೂರಿನ ಎಸ್.ಪಿ. ರಸ್ತೆಯ ಆ ಅಂಗಡಿಯೊಳಗೆ ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವರು ಮೆಟ್ಟಿಲಿಗೇ ಸರಿಯಬೇಕು. ಗೋಡೆ ತುಂಬ ಮಾನಿಟರ್. ಎಲ್ಲದರಲ್ಲೂ ಒಂದೇ ವಿಡಿಯೊ: ಕೆಂಪು ಗಿಳಿ ರೆಕ್ಕೆ ಬಿಚ್ಚುತ್ತದೆ, ಎಲೆಯ ತುದಿಯಿಂದ ಹನಿ ಜಾರುತ್ತದೆ, ಮತ್ತೆ ಗಿಳಿ. ಆಯುಧಪೂಜೆಗೆ ನಾಲ್ಕೇ ದಿನ. ಹೊರಗೆ ತಳ್ಳುಗಾಡಿಯ ಮೇಲೆ ಡಬ್ಬಗಳನ್ನು ಆಳೆತ್ತರ ಪೇರಿಸಿಕೊಂಡವನು ‘ಸೈಡ್, ಸೈಡ್’ ಎಂದು ಕೂಗುತ್ತ ಜನರ ನಡುವೆ ದಾರಿ ಮಾಡಿಕೊಳ್ಳುತ್ತಿದ್ದಾನೆ.

ನಿವೃತ್ತ ಮೇಷ್ಟ್ರ ಥರ ಕಾಣುವ ಹಿರಿಯರು, ಜೊತೆಯಲ್ಲಿ ಮಗಳು.

‘ದೊಡ್ಡದೇ ಕೊಡಪ್ಪ, ಕಣ್ಣಿಗೆ ಕಾಣಬೇಕಲ್ಲ’ ಎಂದರು ಹಿರಿಯರು.

‘27 ಇಂಚ್ ತಗೊಳ್ಳಿ ಸಾರ್, ಫುಲ್ ಎಚ್‌ಡಿ. 24ಕ್ಕೂ ಇದಕ್ಕೂ ರೇಟಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ’ ಎಂದ ಅಂಗಡಿ ಹುಡುಗ.

ಮಗಳು ಗಿಳಿಯನ್ನು ಒಂದು ಗಳಿಗೆ ನೋಡಿದಳು. ‘ಅಣ್ಣಾ, ಆ ವಿಡಿಯೊ ನಿಲ್ಲಿಸಿ, ಎರಡರಲ್ಲೂ ಯಾವುದಾದರೂ ಕನ್ನಡ ಪೇಪರ್ ತೆಗೀರಿ.’

ಹುಡುಗ ತೆಗೆದ. ತಲೆಬರಹಗಳೇನೋ ಎರಡರಲ್ಲೂ ಚೆನ್ನಾಗಿಯೇ ಇದ್ದವು. ಕೆಳಗಿನ ಸಣ್ಣಕ್ಷರದ ಸುದ್ದಿಗೆ ಬಂದಾಗ 27 ಇಂಚಿನ ಬಣ್ಣ ಬಯಲಾಯಿತು. ‘ರಾಷ್ಟ್ರೀಯ’ದ ಷಕಾರದ ಕೆಳಗಿನ ಎರಡು ಒತ್ತುಗಳು ಒಂದಕ್ಕೊಂದು ಅಂಟಿ ಬೂದು ಮುದ್ದೆಯಾಗಿದ್ದವು. ಷಕಾರದ ಹೊಟ್ಟೆಯ ಗೀಟು ಮಸುಕಾಗಿ, ಅದು ಪಕಾರವೇ ಇರಬಹುದು ಅನ್ನಿಸುತ್ತಿತ್ತು. ಹಿರಿಯರು ಮುಂದೆ ಬಗ್ಗಿದರು, ಹಿಂದೆ ಸರಿದರು, ಕನ್ನಡಕ ಏರಿಸಿದರು. ಪಕ್ಕದ 24 ಇಂಚಿನಲ್ಲಿ ಅಕ್ಷರ ಕೊಂಚ ಸಣ್ಣದು, ಆದರೆ ಒತ್ತು ಒತ್ತಾಗಿಯೇ ಇತ್ತು. ಮಗಳು ಸೆಟಿಂಗ್ಸ್‌ಗೆ ಹೋಗಿ ಅದರ ಸ್ಕೇಲಿಂಗ್ ಅನ್ನು 125ಕ್ಕೆ ಏರಿಸಿದಳು. ಈಗ ಸಣ್ಣ ಮಾನಿಟರ್‌ನ ಅಕ್ಷರವೇ ದೊಡ್ಡ ಮಾನಿಟರ್‌ನದಕ್ಕಿಂತ ದಪ್ಪಗೆ, ಸ್ಪಷ್ಟವಾಗಿ ಕಂಡಿತು.

ಹುಡುಗ ಮರುಮಾತಿಲ್ಲದೆ 24ರ ಡಬ್ಬ ಇಳಿಸಲು ಅಟ್ಟ ಹತ್ತಿದ.

ಇಂಚಿನ ಮೋಸ

ಇಂಚು ಹೇಳುವುದು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಎಷ್ಟು ಉದ್ದ ಎಂಬುದನ್ನು. ರೆಸಲ್ಯೂಷನ್ ಹೇಳುವುದು ಆ ಜಾಗದಲ್ಲಿ ಎಷ್ಟು ಪಿಕ್ಸೆಲ್ ಇವೆ ಎಂಬುದನ್ನು. ಎರಡನ್ನೂ ಬೇರೆ ಬೇರೆ ಓದಿದರೆ ಏನೂ ತಿಳಿಯುವುದಿಲ್ಲ. ಅದೇ ಎಣಿಕೆಯ ಚುಕ್ಕಿಯನ್ನು ಸಣ್ಣ ಅಂಗಳದಲ್ಲಿ ಇಟ್ಟರೆ ರಂಗೋಲಿ ಒತ್ತಾಗಿ ಕೂರುತ್ತದೆ; ದೊಡ್ಡ ಅಂಗಳಕ್ಕೆ ಹರಡಿದರೆ ಚುಕ್ಕಿ ಚುಕ್ಕಿಯಾಗಿಯೇ ಉಳಿಯುತ್ತದೆ. ಮಾನಿಟರ್‌ನಲ್ಲೂ ಅಷ್ಟೆ. ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕಕ್ಕೆ ಪಿಪಿಐ ಎನ್ನುತ್ತಾರೆ. ಡಬ್ಬದ ಮೇಲೆ ಸಿಗದ ಅಂಕಿ ಇದೇ.

ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್. 24 ಇಂಚು ಎಂದು ಮಾರುವ ಮಾನಿಟರ್ ಸಾಮಾನ್ಯವಾಗಿ 23.8 ಇಂಚು, ಅದರಲ್ಲಿ ಇಂಚಿಗೆ ಸುಮಾರು 93 ಪಿಕ್ಸೆಲ್. ಅಷ್ಟೇ ಪಿಕ್ಸೆಲ್‌ಗಳನ್ನು 27 ಇಂಚಿಗೆ ಹರಡಿದರೆ ಇಂಚಿಗೆ 82ಕ್ಕೆ ಇಳಿಯುತ್ತದೆ. ದುಡ್ಡು ಹೆಚ್ಚು ಕೊಟ್ಟು ಸ್ಪಷ್ಟತೆ ಕಡಿಮೆ ಮಾಡಿಕೊಳ್ಳುವ ವ್ಯಾಪಾರ ಇದು. ಆದರೂ 27 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ಗಳು ಧಾರಾಳವಾಗಿ ಬಿಕರಿಯಾಗುತ್ತವೆ. ಅಂಗಡಿಯಲ್ಲಿ ಗಿಳಿಯ ವಿಡಿಯೊ ನೋಡಿ ಮನೆಗೆ ಬಂದು ಅಕ್ಷರ ಓದುವವರು ನಾವು. ಚಲಿಸುವ ಚಿತ್ರದಲ್ಲಿ ಕಡಿಮೆ ಪಿಪಿಐ ಅಷ್ಟಾಗಿ ಗೊತ್ತಾಗುವುದಿಲ್ಲ. ನಿಂತ ಅಕ್ಷರದಲ್ಲಿ ಗೊತ್ತಾಗುತ್ತದೆ.

◼ ಚುಕ್ಕಿ ಲೆಕ್ಕ
*22 ಇಂಚು (21.5), ಫುಲ್ ಎಚ್‌ಡಿ: ಇಂಚಿಗೆ 102 ಪಿಕ್ಸೆಲ್*
*24 ಇಂಚು (23.8), ಫುಲ್ ಎಚ್‌ಡಿ: 93*
*27 ಇಂಚು, ಫುಲ್ ಎಚ್‌ಡಿ: 82*
*27 ಇಂಚು, ಕ್ಯುಎಚ್‌ಡಿ (2560 x 1440): 109*
*32 ಇಂಚು, ಕ್ಯುಎಚ್‌ಡಿ: 92*
*27 ಇಂಚು, 4ಕೆ (3840 x 2160): 163*
*32 ಇಂಚು, 4ಕೆ: 138*
*32 ಇಂಚಿನ ‘ಎಚ್‌ಡಿ ರೆಡಿ’ ಟಿ.ವಿ. (1366 x 768): ಬರೀ 49!*

ಕನ್ನಡಕ್ಕೆ ಪಿಕ್ಸೆಲ್ ಹೆಚ್ಚು ಬೇಕು

ಮಾನಿಟರ್ ಬಗ್ಗೆ ಇಂಗ್ಲಿಷ್‌ನಲ್ಲಿ ಬರುವ ಸಲಹೆಗಳೆಲ್ಲ ಇಂಗ್ಲಿಷ್ ಅಕ್ಷರವನ್ನೇ ಎದುರಿಗಿಟ್ಟುಕೊಂಡು ಬರೆದವು. ಆ ಲಿಪಿಯಲ್ಲಿ ಅಕ್ಷರ ಒಂದೇ ಸಾಲಿನಲ್ಲಿ ಕೂರುತ್ತದೆ. 1981ರಲ್ಲಿ ಬಂದ ಐಬಿಎಂ ಪಿ.ಸಿ.ಯ ಕಪ್ಪು-ಹಸಿರು ಪರದೆಯಲ್ಲಿ ಒಂದು ಅಕ್ಷರಕ್ಕೆ ಸಿಗುತ್ತಿದ್ದ ಜಾಗ ಅಡ್ಡಕ್ಕೆ 9, ಉದ್ದಕ್ಕೆ 14 ಪಿಕ್ಸೆಲ್. 80 ಅಕ್ಷರದ 25 ಸಾಲು ಸೇರಿ ಇಡೀ ಪರದೆ 720 x 350. ಇಂಗ್ಲಿಷ್‌ಗೆ ಅದು ಧಾರಾಳವಾಯಿತು.

ಅದೇ ಗೂಡಿನಲ್ಲಿ ‘ಸ್ತ್ರೀ’ ಕೂರಿಸಿ ನೋಡಿ. ಮೇಲೆ ಗುಡಿಸು, ನಡುವೆ ಸಕಾರ, ಕೆಳಗೆ ತಕಾರದ ಒತ್ತು, ಪಕ್ಕಕ್ಕೆ ರಕಾರದ ಒತ್ತು, ಕೊನೆಗೆ ದೀರ್ಘ. 14 ಪಿಕ್ಸೆಲ್ ಎತ್ತರವನ್ನು ಇಷ್ಟೂ ಮಂದಿ ಹಂಚಿಕೊಳ್ಳಬೇಕು! ಐಐಟಿ ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ತಂತ್ರಜ್ಞಾನ ಡಾಸ್ ಕಾಲದ ಕಂಪ್ಯೂಟರಿಗೆ ಪ್ರತ್ಯೇಕ ಕಾರ್ಡನ್ನೇ ಸಿಕ್ಕಿಸಿ ಭಾರತದ ಲಿಪಿಗಳನ್ನು ಪರದೆಗೆ ತಂದದ್ದು ಸುಮ್ಮನೆ ಅಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ‘ತುಂಗಾ’ ಫಾಂಟ್ ಬಂದಾಗ ಯುನಿಕೋಡ್ ಕನ್ನಡಕ್ಕೆ ದಾರಿಯೇನೋ ತೆರೆಯಿತು. ಆದರೆ ಆಗ ಮೇಜಿನ ಮೇಲಿದ್ದದ್ದು 14, 15 ಇಂಚಿನ ಡಬ್ಬಾ ಮಾನಿಟರ್. 800 x 600 ಅಥವಾ 1024 x 768.

ಈಗಲೂ ಲೆಕ್ಕ ಬಹಳ ಬದಲಾಗಿಲ್ಲ. ವಿಂಡೋಸ್‌ನಲ್ಲಿ ಸ್ಕೇಲಿಂಗ್ 100ರಲ್ಲಿದ್ದರೆ 11 ಪಾಯಿಂಟ್ ಅಕ್ಷರದ ಚೌಕಕ್ಕೆ ಸಿಗುವುದು ಸುಮಾರು 15 ಪಿಕ್ಸೆಲ್. ಮಾನಿಟರ್ 22 ಇಂಚಿರಲಿ, 27 ಇರಲಿ, ಪಿಕ್ಸೆಲ್ ಅಷ್ಟೇ. ದೊಡ್ಡ ಪರದೆಯಲ್ಲಿ ಅಕ್ಷರ ಹಿಗ್ಗುತ್ತದೆ, ತಿದ್ದಿಕೊಳ್ಳುವುದಿಲ್ಲ. ದ, ಧ, ಥ ನಡುವಿನ ವ್ಯತ್ಯಾಸ ಒಂದು ಸಣ್ಣ ಸೀಳು, ಒಂದು ಚುಕ್ಕೆ. ಬ-ಭ, ಪ-ಷ ಜೋಡಿಗಳದ್ದೂ ಇದೇ ಕಥೆ. ಆ ಗುರುತುಗಳಿಗೆಲ್ಲ ಒಂದೋ ಎರಡೋ ಪಿಕ್ಸೆಲ್ ಸಿಕ್ಕಿದರೆ ಹೆಚ್ಚು.

ಅದಕ್ಕೇ ಕಣ್ಣಿಗಿಂತ ಮುಂಚೆ ಮಿದುಳು ಓದುತ್ತದೆ: ‘ಪ್ರಧಾನ’ ಎಂದಿರಲೇಬೇಕು ಎಂದು ಊಹಿಸಿ ಮುಂದೆ ಹೋಗುತ್ತೇವೆ. ಕರಡು ತಿದ್ದುವವರಿಗೆ ಈ ಊಹೆಯೇ ಶತ್ರು. ಪರದೆಯಲ್ಲಿ ಕಾಣದ ತಪ್ಪು ಅಚ್ಚಾದ ಮೇಲೆ ಎದ್ದು ಕೂತಿರುತ್ತದೆ. ಕನ್ನಡದಲ್ಲಿ ದಿನವಿಡೀ ಕೆಲಸ ಮಾಡುವ ಡಿಟಿಪಿಯವರು, ಅನುವಾದಕರು, ಶಿಕ್ಷಕರು, ಪಿಎಚ್‌ಡಿ ವಿದ್ಯಾರ್ಥಿಗಳು ಪಿಪಿಐ ವಿಚಾರದಲ್ಲಿ ಗೇಮ್ ಆಡುವ ಹುಡುಗರಿಗಿಂತ ಹೆಚ್ಚು ಹಟ ಹಿಡಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಣ್ಣು ಎಷ್ಟು ಕಂಡೀತು?

ಹಾಗಾದರೆ ಎಷ್ಟು ಪಿಪಿಐ ಸಾಕು? ಉತ್ತರ ಕಣ್ಣಿನ ಡಾಕ್ಟರ ಗೋಡೆಯ ಮೇಲಿದೆ. ಡಚ್ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಅಕ್ಷರಪಟ್ಟಿಯಲ್ಲಿ ‘6/6’ ದೃಷ್ಟಿಯ ಸಾಲನ್ನು ಓದುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸೂಕ್ಷ್ಮ ಗೀಟನ್ನು ಬೇರ್ಪಡಿಸಬಲ್ಲದು. 60 ಸೆಂಟಿಮೀಟರ್ ದೂರದಲ್ಲಿ ಕೂತರೆ ಅದು ಸುಮಾರು 0.17 ಮಿಲಿಮೀಟರ್. ಪಿಕ್ಸೆಲ್ ಅದಕ್ಕಿಂತ ದೊಡ್ಡದಿದ್ದರೆ ಕಣ್ಣು ಅದನ್ನು ಹಿಡಿಯುತ್ತದೆ.

24 ಇಂಚಿನ ಫುಲ್ ಎಚ್‌ಡಿಯ ಒಂದು ಪಿಕ್ಸೆಲ್ 0.27 ಮಿ.ಮೀ. 27 ಇಂಚಿನ ಫುಲ್ ಎಚ್‌ಡಿಯದ್ದು 0.31. ಕ್ಯುಎಚ್‌ಡಿ ಆದರೆ 0.23. 27 ಇಂಚಿನ 4ಕೆ ಆದರೆ 0.16, ಇಲ್ಲಿಗೆ ಬಂದಾಗ ಪಿಕ್ಸೆಲ್ ಎಂಬುದು ಕಣ್ಣಿಂದ ಮಾಯವಾಗಿ, ಅಕ್ಷರ ಅಚ್ಚಾದ ಪುಟದಂತೆ ಕಾಣತೊಡಗುತ್ತದೆ. ನಿಮ್ಮ ಮೊಬೈಲಿನಲ್ಲಿ ಕನ್ನಡ ಅಷ್ಟು ಚೆಂದ ಕಾಣುವುದಕ್ಕೂ ಇದೇ ಕಾರಣ. 2010ರಲ್ಲಿ ಬಂದ ಐಫೋನ್ 4ರಲ್ಲೇ ಇಂಚಿಗೆ 326 ಪಿಕ್ಸೆಲ್ ಇದ್ದವು. ಅಂಗೈಯಲ್ಲಿ ಅಷ್ಟು ನುಣುಪಾದ ಕನ್ನಡ ಓದಿ, ಮೇಜಿಗೆ ಬಂದು 82 ಪಿಪಿಐ ಪರದೆಯ ಮುಂದೆ ಕೂತರೆ ಕಣ್ಣು ತಕರಾರು ತೆಗೆಯದೆ ಇರುತ್ತದೆಯೇ?

ಹಾಗೆಂದು ಎಲ್ಲರೂ 4ಕೆ ಕೊಳ್ಳಬೇಕೆಂದಿಲ್ಲ. ಮೊದಲನೆಯದಾಗಿ, 4ಕೆ ಪರದೆಯಲ್ಲಿ ಸ್ಕೇಲಿಂಗ್ ಅನ್ನು 150ಕ್ಕೋ ಅದಕ್ಕಿಂತ ಮೇಲಕ್ಕೋ ಇಡದಿದ್ದರೆ ಅಕ್ಷರ ಸಾಸಿವೆಯಾಗುತ್ತದೆ. ಇಂದಿನ ವಿಂಡೋಸ್ ಇದನ್ನು ಸಲೀಸಾಗಿ ಮಾಡುತ್ತದೆ. ಹಳೆಯ ತಂತ್ರಾಂಶಗಳು ಕೆಲವೊಮ್ಮೆ ಮಸುಕಾಗುತ್ತವೆ. ನಿಮ್ಮ ಕೆಲಸವೆಲ್ಲ ಹಳೆಯ ಲೆಕ್ಕಪತ್ರದ ಪ್ಯಾಕೇಜಿನಲ್ಲೋ ಹಳೆಯ ಪೇಜ್‌ಮೇಕರ್‌ನಲ್ಲೋ ಇದ್ದರೆ 4ಕೆಗೆ ಕೈಹಾಕುವ ಮುನ್ನ ಆ ತಂತ್ರಾಂಶವನ್ನು ಅಂಥ ಪರದೆಯಲ್ಲಿ ಓಡಿಸಿ ನೋಡಿ. ಮ್ಯಾಕ್‌ನವರ ಪಾಡು ಉಲ್ಟಾ. 2018ರ ‘ಮೊಹಾವಿ’ ಆವೃತ್ತಿಯಲ್ಲಿ ಆಪಲ್ ಕಡಿಮೆ ಪಿಪಿಐ ಪರದೆಗಳಿಗಿದ್ದ ಅಕ್ಷರ ನುಣುಪಿಸುವ ಹಳೆಯ ವಿಧಾನವನ್ನು ಕೈಬಿಟ್ಟಿತು; ಆಮೇಲೆ ಅವರಿಗೆ ಹೆಚ್ಚು ಪಿಪಿಐ ಇಲ್ಲದೆ ನೆಮ್ಮದಿಯಿಲ್ಲ.

ಎರಡನೆಯದು ಕೇಬಲ್. ಇದು ಪೇಟೆಯಲ್ಲಿ ಯಾರೂ ಬಾಯಿ ಬಿಡದ ಸಂಗತಿ. ಹಳೆಯ ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಕಿಂಡಿ 1.4 ಆವೃತ್ತಿಯದ್ದಾಗಿದ್ದರೆ 4ಕೆ ಚಿತ್ರವನ್ನು ಸೆಕೆಂಡಿಗೆ 30 ಬಾರಿ ಮಾತ್ರ ಕಳಿಸಬಲ್ಲದು. ಮೌಸ್ ಬಾಣ ತಡವರಿಸಿ ತಡವರಿಸಿ ಓಡುತ್ತದೆ, ಪುಟ ಸರಿಸಿದರೆ ಸಾಲುಗಳು ಎಳೆದಾಡುತ್ತವೆ. ‘ಹೊಸ ಮಾನಿಟರ್ ಸ್ಲೋ’ ಎಂದು ಅಂಗಡಿಗೆ ವಾಪಸ್ ಒಯ್ಯುವವರ ಪೈಕಿ ಕೆಲವರ ಸಮಸ್ಯೆ ಮಾನಿಟರಿನದ್ದೇ ಅಲ್ಲ. 60 ಬಾರಿ ಬೇಕೆಂದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಎರಡೂ ತುದಿಯಲ್ಲಿರಬೇಕು, ನಡುವಿನ ಕೇಬಲ್‌ಗೂ ಆ ತಾಕತ್ತಿರಬೇಕು. ಹೊಸ ಲ್ಯಾಪ್‌ಟಾಪ್ ಇದ್ದವರು ಯುಎಸ್‌ಬಿ-ಸಿ ಇರುವ ಮಾನಿಟರ್ ಕೊಂಡರೆ ಒಂದೇ ತಂತಿಯಲ್ಲಿ ಚಿತ್ರವೂ ಬರುತ್ತದೆ, ಲ್ಯಾಪ್‌ಟಾಪ್ ಚಾರ್ಜೂ ಆಗುತ್ತದೆ. ಆದರೆ ಎಲ್ಲ ಯುಎಸ್‌ಬಿ-ಸಿ ಕಿಂಡಿಯೂ ಚಿತ್ರ ಸಾಗಿಸುವುದಿಲ್ಲ, ಕೇಳಿ ನೋಡಿ.

ಟಿ.ವಿ.ಯೇ ಇದೆಯಲ್ಲ?

‘ಮನೆಯಲ್ಲಿ 32 ಇಂಚಿನ ಟಿ.ವಿ. ಬಿದ್ದಿದೆ, ಅದನ್ನೇ ಹಾಕಿಕೊಂಡರಾಯಿತು’ ಎನ್ನುವವರಿಗೆ ಒಂದು ಮಾತು. ‘ಎಚ್‌ಡಿ ರೆಡಿ’ ಹಣೆಪಟ್ಟಿಯ ಟಿ.ವಿ.ಯಲ್ಲಿ ಇಂಚಿಗೆ 49 ಪಿಕ್ಸೆಲ್. ಮೂರು ಮೀಟರ್ ದೂರದ ಸೋಫಾದಿಂದ ಧಾರಾವಾಹಿ ನೋಡಲು ಅದು ಮಾಡಿದ್ದು. ಎರಡಡಿ ದೂರದಿಂದ ಎಕ್ಸೆಲ್ ತುಂಬಲು ಅಲ್ಲ. ಮೇಲಾಗಿ ಕೆಲವು ಟಿ.ವಿ.ಗಳು ಬಣ್ಣದ ಮಾಹಿತಿಯನ್ನು ಅರ್ಧಕ್ಕಿಳಿಸಿ ತೋರಿಸುತ್ತವೆ. ಚಿತ್ರದಲ್ಲಿ ಗೊತ್ತಾಗದು. ನೀಲಿ ಹಿನ್ನೆಲೆಯ ಮೇಲೆ ಕೆಂಪಕ್ಷರ ಇಟ್ಟರೆ ಅಂಚುಗಳು ಕಲಸಿಹೋಗಿರುತ್ತವೆ. ಹಳೆಯ ಅಭ್ಯಾಸದಂತೆ ಚಿತ್ರದ ನಾಲ್ಕೂ ಅಂಚನ್ನು ಕತ್ತರಿಸುವ ಟಿ.ವಿ.ಗಳೂ ಇವೆ; ಅಲ್ಲಿ ವಿಂಡೋಸ್‌ನ ಕೆಳಪಟ್ಟಿಯೇ ಅರ್ಧ ಮಾಯ.

ಇನ್ನೊಂದು ಖಾಯಿಲೆ ಮನೆ, ಕಚೇರಿ ಎರಡು ಕಡೆಯೂ ಇದೆ. ಅಕ್ಷರ ಸಣ್ಣ ಕಂಡಿತೆಂದು ರೆಸಲ್ಯೂಷನ್ ಅನ್ನೇ 1280 x 720ಕ್ಕೆ ಇಳಿಸಿಬಿಡುವುದು. ಎಲ್ಸಿಡಿ ಪರದೆಯ ಪಿಕ್ಸೆಲ್‌ಗಳು ಗಾಜಿನ ಹಿಂದೆ ಕಾಯಂ ಆಗಿ ಕೂತಿವೆ. ಎಣಿಕೆ ಕಡಿಮೆ ಮಾಡಲು ಬರುವುದಿಲ್ಲ. ಒಂದೂವರೆ ಪಿಕ್ಸೆಲ್‌ನಲ್ಲಿ ಒಂದು ಪಿಕ್ಸೆಲ್‌ನ ಕೆಲಸ ಮಾಡಿಸಲು ಹೋಗಿ ಅದು ಇಡೀ ಪುಟವನ್ನು ಮಂಜು ಮಾಡುತ್ತದೆ. ರೆಸಲ್ಯೂಷನ್ ಮುಂದೆ ‘ರೆಕಮೆಂಡೆಡ್’ ಎಂದು ಬರೆದಿರುವುದನ್ನೇ ಬಿಟ್ಟು, ಸ್ಕೇಲಿಂಗ್ ಏರಿಸಿ. ಎರಡೂ ಒಂದೇ ಪುಟದಲ್ಲಿ, ಒಂದರ ಮೇಲೊಂದು ಇರುತ್ತವೆ.

◼ ಪೂಜೆಯ ದಿನ ಜೋಪಾನ
*ಕುಂಕುಮ, ಅರಿಶಿನ, ಗಂಧವನ್ನು ಪರದೆಗೆ ಹಚ್ಚಬೇಡಿ. ಸ್ಟ್ಯಾಂಡಿಗೆ ಹಚ್ಚಿದರೂ ಪೂಜೆ ಸಲ್ಲುತ್ತದೆ. ಮ್ಯಾಟ್ ಪರದೆಯ ಮೇಲ್ಮೈ ಒರಟು, ಪುಡಿ ಅಲ್ಲೇ ಕೂರುತ್ತದೆ. ತೀರ್ಥ ಚಿಮುಕಿಸಿದರೆ ಹನಿ ಕೆಳಗಿಳಿದು ಅಂಚಿನ ಸಂದಿಯೊಳಗೆ ಸೇರುತ್ತದೆ. ಸ್ವಿಚ್ ಆರಿಸಿ, ಮೈಕ್ರೊಫೈಬರ್ ಬಟ್ಟೆಯನ್ನು ತುಸುವೇ ಒದ್ದೆ ಮಾಡಿ, ಒತ್ತದೆ ಒರೆಸಿ. ಗಾಜು ಒರೆಸುವ ಅಮೋನಿಯಾ ದ್ರಾವಣ ಬೇಡವೇ ಬೇಡ.*

ಉಳಿದ ಅಬ್ಬರ

ಮಾರಾಟದ ಭಾಷೆಯಲ್ಲಿ ಬಹಳ ಸದ್ದು ಮಾಡುವುದು ಹರ್ಟ್ಸ್. ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಎಂಬ ಲೆಕ್ಕ ಅದು. ಈಗ ಅಗ್ಗದ ಮಾನಿಟರ್‌ಗಳಲ್ಲೂ 100 ಹರ್ಟ್ಸ್ ಸಿಗುತ್ತಿದೆ. ಪುಟ ಸರಿಸುವಾಗ ಹಿತವೆನಿಸುತ್ತದೆ, ಬಂದರೆ ಬರಲಿ. ಓದಿ ಬರೆಯುವವರು ಅದಕ್ಕೆಂದೇ ಹೆಚ್ಚಿಗೆ ದುಡ್ಡು ಸುರಿಯಬೇಕಿಲ್ಲ. ‘1 ಎಂಎಸ್’ ಎಂಬ ಹೊಗಳಿಕೆಯನ್ನು ಕಿವಿಗೇ ಹಾಕಿಕೊಳ್ಳಬೇಡಿ.

ಪರದೆಯ ಜಾತಿ ಮಾತ್ರ ಕೇಳಿ ತಿಳಿಯಬೇಕಾದ್ದು. ಐಪಿಎಸ್ ಆದರೆ ಪಕ್ಕದಿಂದ ನೋಡಿದರೂ ಬಣ್ಣ ಕೆಡದು. ವಿಎ ಪರದೆಯಲ್ಲಿ ಕಪ್ಪು ಹೆಚ್ಚು ಕಪ್ಪು. ಕತ್ತಲ ಕೋಣೆಯಲ್ಲಿ ಸಿನಿಮಾಕ್ಕೆ ಚೆನ್ನ. ಟಿಎನ್ ಎಂದರೆ ಎದ್ದು ನಿಂತ ಕೂಡಲೇ ಬಣ್ಣ ತಿರುಗುವ ಹಳೆಯ ಬಗೆ, ಬಿಟ್ಟುಬಿಡಿ. ಕನ್ನಡ ಕೆಲಸಕ್ಕೆ ಐಪಿಎಸ್ ಕಣ್ಣು ಮುಚ್ಚಿ ಕೊಳ್ಳಬಹುದು. ಬಾಗಿದ ಪರದೆ ಅಗಲ ಮಾನಿಟರಿಗೆ ಒಪ್ಪುತ್ತದೆ. 24 ಇಂಚಿಗೆ ಅದು ಬರೀ ಶೋಕಿ.

ಪರದೆಯ ಆಕಾರದ ಕಥೆ ಬೇರೆಯೇ. 16:9 ಅನುಪಾತ ಹುಟ್ಟಿದ್ದು ಓದುಗರಿಗಾಗಿ ಅಲ್ಲ. 1980ರ ದಶಕದಲ್ಲಿ ಕರ್ನ್ಸ್ ಪವರ್ಸ್ ಎಂಬ ಅಮೆರಿಕದ ಎಂಜಿನಿಯರ್ ಬೇರೆ ಬೇರೆ ಸಿನಿಮಾ ಚೌಕಟ್ಟುಗಳನ್ನು ಒಂದರ ಮೇಲೊಂದು ಇಟ್ಟು ಎಲ್ಲಕ್ಕೂ ಹೊಂದುವ ಟಿ.ವಿ. ಆಕಾರ ಹುಡುಕಿದಾಗ ಸಿಕ್ಕದ್ದು. ಮುಂದೆ ಟಿ.ವಿ. ಪರದೆಯ ಜೊತೆಗೇ ಮಾನಿಟರ್ ಕತ್ತರಿಸುವುದು ಅಗ್ಗವಾಗಿ, ನಾವೆಲ್ಲ ಅಗಲ ಹೆಚ್ಚು, ಎತ್ತರ ಕಡಿಮೆಯ ಪುಟಕ್ಕೆ ಒಗ್ಗಿಕೊಂಡೆವು. ಒಂದು ಸಮಾಧಾನ ಉಂಟು. 24 ಇಂಚಿನ ಪರದೆಯ ಎತ್ತರ 11.67 ಇಂಚು, ಎ4 ಹಾಳೆಯ ಎತ್ತರ 11.69. ಎರಡು ಹಾಳೆ ಅಕ್ಕಪಕ್ಕ, ಹೆಚ್ಚುಕಮ್ಮಿ ನಿಜದ ಅಳತೆಯಲ್ಲಿ ಇಟ್ಟರೂ ಬದಿಯಲ್ಲಿ ನಾಲ್ಕು ಇಂಚು ಉಳಿಯುತ್ತದೆ. ಅನುವಾದಕರಿಗೆ ಇದಕ್ಕಿಂತ ಬೇಕೇ? ಇನ್ನೂ ಬೇಕೆಂದರೆ ಪರದೆಯನ್ನು ನೆಟ್ಟಗೆ ತಿರುಗಿಸಬಲ್ಲ ಸ್ಟ್ಯಾಂಡ್ ಇರುವ ಮಾದರಿ ಕೊಳ್ಳಿ.

ಸ್ಟ್ಯಾಂಡ್ ಮಾತು ಬಂದದ್ದಕ್ಕೆ: ಅಗ್ಗದ ಮಾನಿಟರ್‌ಗಳು ಇಲ್ಲೇ ಕೈಕೊಡುವುದು. ಮುಂದಕ್ಕೆ ಹಿಂದಕ್ಕೆ ಬಾಗುತ್ತವೆ, ಮೇಲೆ ಕೆಳಗೆ ಸರಿಯುವುದಿಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೋ ಸ್ವಲ್ಪ ಕೆಳಗೋ ಇರಬೇಕು, ದೂರ ಒಂದು ತೋಳಿನಷ್ಟು. ಎತ್ತರ ಸಾಲದಿದ್ದರೆ ಎರಡು ದಪ್ಪ ನಿಘಂಟು ಅಡಿಗಿಟ್ಟರೂ ನಡೆಯುತ್ತದೆ. ಕಿಟಕಿ ಬೆನ್ನ ಹಿಂದೆಯೂ ಬೇಡ, ಕಣ್ಣೆದುರೂ ಬೇಡ, ಪಕ್ಕಕ್ಕಿರಲಿ.

‘ಬ್ಲೂ ಲೈಟ್’ ತಡೆಯುವ ಕನ್ನಡಕ ಮಾರುವವರಿಗೂ ಹಬ್ಬವೇ. ಹಲವು ಪ್ರಯೋಗಗಳನ್ನು ಒಟ್ಟಿಗೆ ಜಾಲಾಡಿದ 2023ರ ಕಾಕ್ರೇನ್ ವಿಮರ್ಶೆ, ಅಂಥ ಗಾಜಿನಿಂದ ಕಣ್ಣಿನ ಆಯಾಸ ಕಡಿಮೆಯಾಗುವ ಲಕ್ಷಣವಿಲ್ಲ ಎಂದಿತು. ಪರದೆಯ ಮುಂದೆ ನಾವು ಕಣ್ಣು ಮಿಟುಕಿಸುವುದು ಕಡಿಮೆ. ಕಣ್ಣು ಒಣಗುವುದು ಅದಕ್ಕೇ. ಆಗಾಗ ದೂರದ ಮರ ನೋಡುವುದು ಪುಕ್ಕಟೆ.

ಯಾರಿಗೆ ಯಾವುದು?

ಮನೆಯ ಲೆಕ್ಕ, ಆನ್‌ಲೈನ್ ಪಾಠ, ಬ್ಯಾಂಕ್ ಕೆಲಸ, ಆಗೀಗ ಓದು, ಇಷ್ಟಕ್ಕೆ 24 ಇಂಚಿನ ಫುಲ್ ಎಚ್‌ಡಿ ಐಪಿಎಸ್ ಸಾಕು. ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ದಿನಕ್ಕೆ ಆರೆಂಟು ಗಂಟೆ ಕೂರುವವರು, ಎರಡು ಕಿಟಕಿ ಅಕ್ಕಪಕ್ಕ ತೆರೆದಿಡುವವರು 27 ಇಂಚಿನ ಕ್ಯುಎಚ್‌ಡಿಗೆ ಹೋಗಲಿ. ಈಗಿನ ಪೇಟೆಯಲ್ಲಿ ದುಡ್ಡಿಗೆ ತಕ್ಕ ಮಾಲು ಎಂದರೆ ಅದೇ ಎಂದು ನನಗನಿಸುತ್ತದೆ. ಪುಸ್ತಕ ಪುಟವಿನ್ಯಾಸ, ಕರಡು ತಿದ್ದುವುದು, ಹಳೆಯ ಗ್ರಂಥಗಳ ಸ್ಕ್ಯಾನ್ ಓದುವುದು, ಇದೇ ಜೀವನವಾಗಿದ್ದರೆ 27 ಇಂಚಿನ 4ಕೆ. 32 ಇಂಚಿಗೆ ಹೋಗಲೇಬೇಕೆಂದಿದ್ದರೆ 4ಕೆ ಬಿಟ್ಟು ಬೇರೇನೂ ಬೇಡ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಒಂದು ಕನ್ನಡ ಪಿಡಿಎಫ್ ಇರಲಿ; ಒತ್ತಕ್ಷರ ಹೆಚ್ಚಿರುವ ಸರ್ಕಾರಿ ಆದೇಶವಾದರೆ ಇನ್ನೂ ಒಳ್ಳೆಯದು. ನಿಂತು ನೋಡಬೇಡಿ, ಸ್ಟೂಲ್ ಕೇಳಿ ಕೂತು ನೋಡಿ. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಈ ಸೌಭಾಗ್ಯವಿಲ್ಲ. ಅವರು ಮಾದರಿ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೂ ತಾಳೆ ನೋಡಬೇಕು. ಒಂದೇ ಹೆಸರಿನ ಮಾನಿಟರ್ ಸ್ಟ್ಯಾಂಡ್, ಕಿಂಡಿಗಳಲ್ಲಿ ಬೇರೆಯಾಗಿರುವುದುಂಟು.

ಮನೆಗೆ ತಂದ ದಿನವೇ ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಪರದೆ ತುಂಬ ತೆರೆದು ಒಂದೊಂದು ಮೂಲೆಯನ್ನೂ ನೋಡಿ. ಕಪ್ಪಿನ ನಡುವೆ ಮಿನುಗುವ ಒಂಟಿ ಚುಕ್ಕೆ, ಬಿಳಿಯ ನಡುವೆ ಸತ್ತ ಚುಕ್ಕೆ ಕಂಡರೆ ಫೋಟೊ ತೆಗೆದಿಡಿ. ಆದರೆ ಒಂದೇ ಒಂದು ಚುಕ್ಕೆಗೆ ಕಂಪನಿ ಬದಲಿಸಿಕೊಡುತ್ತದೆಂಬ ಭರವಸೆಯಿಲ್ಲ: ಐಎಸ್‌ಒ 9241-307 ಮಾನದಂಡದ ಎರಡನೇ ದರ್ಜೆಯಲ್ಲಿ ಪ್ರತಿ ಹತ್ತು ಲಕ್ಷ ಪಿಕ್ಸೆಲ್‌ಗೆ ಸದಾ ಬೆಳಗುವ ಎರಡು, ಸದಾ ಕಪ್ಪಾಗಿರುವ ಎರಡು ಇದ್ದರೂ ಪರದೆ ‘ಸರಿಯಾಗಿದೆ’ ಎಂದೇ ಲೆಕ್ಕ. ಫುಲ್ ಎಚ್‌ಡಿಯಲ್ಲಿ ಪಿಕ್ಸೆಲ್‌ಗಳೇ 20 ಲಕ್ಷದ 73 ಸಾವಿರದ 600. ಹಾಗಾಗಿ ಬದಲಾವಣೆಯ ನಿಯಮವೇನೆಂದು ಹಣ ಕೊಡುವ ಮೊದಲೇ ಕೇಳಿ, ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಡಬ್ಬ, ಥರ್ಮೊಕೋಲ್ ಎರಡನ್ನೂ ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲಿಡಿ.